ಬಾಗಿಲ ಮೇಲಿನ ಯಂತ್ರಕ್ಕೆ, ಐದನೇ ಊರಿನಿಂದ

ಮಾನ್ಯ ಎಣಿಕೆ ಯಂತ್ರದವರ ಸನ್ನಿಧಿಗೆ,
ಬೆಳಗಿನ ಆರೂವರೆಯ ಬಸ್ಸು, ಮುಂಬಾಗಿಲ ನೆತ್ತಿ, ಎಡಮೂಲೆ.

ಪ್ರತಿ: ಅಂತರನಗರ ಬಸ್ ಯೋಜನೆ ಮತ್ತು ಅನುದಾನ ಕಚೇರಿಯ ಮುಖ್ಯಾಧಿಕಾರಿಗಳಿಗೆ, ಅವರಿಗೆ ಪುರುಸೊತ್ತಾದಾಗ.

ಮಾನ್ಯರೇ,

ಮೊದಲಿಗೆ ತಮ್ಮ ಕ್ಷೇಮ ವಿಚಾರಿಸುತ್ತೇನೆ. ಸೋಪಿನ ಡಬ್ಬಿಯಷ್ಟು ಜಾಗದಲ್ಲಿ, ಮಳೆ ಗಾಳಿ ಧೂಳೆನ್ನದೆ, ಇರುವ ಒಂದೇ ಕಣ್ಣನ್ನು ಅರೆಕ್ಷಣವೂ ಮುಚ್ಚದೆ ಕೂತಿರುವ ತಮ್ಮ ಆರೋಗ್ಯ ಚೆನ್ನಾಗಿದೆಯೆಂದೂ, ನಮ್ಮ ರಸ್ತೆಯ ಗುಂಡಿಗಳಿಂದ ತಮ್ಮ ಸ್ಕ್ರೂಗಳು ಸಡಿಲವಾಗಿಲ್ಲವೆಂದೂ ನಂಬಿದ್ದೇನೆ. ತಮಗೆ ಓದಲು ಬರುವುದಿಲ್ಲ, ಎಣಿಸಲು ಮಾತ್ರ ಬರುತ್ತದೆ ಎಂದು ಕೆಲವರು ನನ್ನನ್ನು ಹೆದರಿಸಿದ್ದಾರೆ. ಅದಕ್ಕೇನಂತೆ, ಈ ಪತ್ರದಲ್ಲಿ ಎಷ್ಟು ಸಾಲುಗಳಿವೆ ಎಂದಾದರೂ ಎಣಿಸಿಕೊಂಡರೆ ನಾನು ಕನ್ನಡಕ ಹಾಕಿಕೊಂಡು ಕೂತು ಬರೆದದ್ದಕ್ಕೆ ಸಾರ್ಥಕ.

ಇಷ್ಟು ದೊಡ್ಡ ಕಚೇರಿ, ಅಷ್ಟು ಮಂದಿ ಅಧಿಕಾರಿಗಳು ಇರುವಾಗ ಅವರನ್ನೆಲ್ಲ ದಾಟಿ ನೇರವಾಗಿ ತಮಗೇ ಬರೆಯುವುದು ಉದ್ಧಟತನವೆಂದು ತಾವು ತಿಳಿಯಬಾರದು. ನಮ್ಮೂರಿಗೆ ಬಸ್ಸು ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ತಾವೇ ಎಂದು ಸ್ವತಃ ಮುಖ್ಯಾಧಿಕಾರಿಗಳೇ ನನಗೆ ಹೇಳಿದ್ದಾರೆ. ಅದು ಹೇಗೆ ಎಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ದೊಡ್ಡವರು ಯಾರೆಂದು ಗೊತ್ತಾದ ಮೇಲೆ ಚಿಕ್ಕವರ ಮುಂದೆ ಕೈಕಟ್ಟಿ ನಿಲ್ಲುವುದು ನನ್ನ ಜಾಯಮಾನವಲ್ಲ.

ನಾನು ಯಾರೆಂದರೆ, ತಮ್ಮ ಬಸ್ಸು ನಮ್ಮೂರಿನಲ್ಲಿ ನಿಲ್ಲುವ ಜಾಗದ ಎದುರಿಗೇ, ನೀಲಿ ಬಾಗಿಲಿನ ಹೊಲಿಗೆ ಅಂಗಡಿಯವಳು. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಒಂದರ್ಥದಲ್ಲಿ ನಾವಿಬ್ಬರೂ ಒಂದೇ ಕಸುಬಿನವರು, ಏಕೆಂದರೆ ತಾವೂ ಮನುಷ್ಯರನ್ನು ಅಳೆಯುತ್ತೀರಿ, ನಾನೂ ಅಳೆಯುತ್ತೇನೆ. ವ್ಯತ್ಯಾಸವಿಷ್ಟೇ: ನಾನು ಅಳೆಯುವಾಗ ಉಸಿರು ಬಿಡಿ ಎನ್ನುತ್ತೇನೆ, ಎರಡು ಸಲ ಟೇಪು ಹಿಡಿಯುತ್ತೇನೆ, ಎಷ್ಟೇ ಖಚಿತವಾಗಿದ್ದರೂ ಒಳಗಡೆ ಒಂದು ಅಂಗುಲ ಬಟ್ಟೆ ಬಿಟ್ಟೇ ಹೊಲಿಯುತ್ತೇನೆ. ಮನುಷ್ಯರು ಇವತ್ತು ಇದ್ದಂತೆ ನಾಳೆ ಇರುವುದಿಲ್ಲ ನೋಡಿ. ತಮ್ಮ ಕಸುಬಿನಲ್ಲಿ ಆ ಅಂಗುಲವನ್ನು ಬಿಡುವ ಪದ್ಧತಿ ಇದ್ದಂತಿಲ್ಲ, ಇರಲಿ, ಪ್ರತಿ ಅಂಗಡಿಗೂ ಅದರದೇ ರೀತಿ.

ತಮ್ಮ ಬಸ್ಸಿನ ಬಗ್ಗೆ ತಮಗೇ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮಿಸಬೇಕು, ಆದರೆ ಬಾಗಿಲ ನೆತ್ತಿಯಿಂದ ಕೆಳಗೆ ಮಾತ್ರ ನೋಡುವವರಿಗೆ ದಾರಿ ಕಾಣುವುದು ಕಷ್ಟ. ಅದು ಒಂದು ನಗರದಿಂದ ಇನ್ನೊಂದು ನಗರಕ್ಕೆ ಹೋಗುವ ದೂರದ ಬಸ್ಸು. ನಡುವೆ ಹೆದ್ದಾರಿ ಬಿಟ್ಟು ಒಳಗೆ ತಿರುಗಿ ಐದು ಹಳ್ಳಿಗಳನ್ನು ಸುತ್ತಿಕೊಂಡು ಮತ್ತೆ ಹೆದ್ದಾರಿ ಸೇರುತ್ತದೆ. ಐದನೆಯದು, ಕೊನೆಯದು, ನಮ್ಮೂರು. ಬೆಳಗ್ಗೆ ಒಂದು ಸಲ ನಗರದ ಕಡೆಗೆ, ಸಂಜೆ ಒಂದು ಸಲ ವಾಪಸು. ಈ ಐದು ಹಳ್ಳಿಗಳ ಸುತ್ತಿಗೆ ಸರ್ಕಾರದ ಅನುದಾನ ಬೇಕು, ಅನುದಾನಕ್ಕೆ ಯೋಜನೆ ಬೇಕು, ಯೋಜನೆಗೆ ಪ್ರತಿ ಊರಿನಲ್ಲಿ ಎಷ್ಟು ತಲೆ ಹತ್ತಿತು, ಎಷ್ಟು ದೂರ ಹೋಯಿತು ಎಂಬ ಲೆಕ್ಕ ಬೇಕು, ಆ ಲೆಕ್ಕಕ್ಕೆ ತಾವು ಬೇಕು. ಹೀಗೆ ಆರು ತಿಂಗಳ ಹಿಂದೆ ತಮ್ಮ ಆಗಮನವಾಯಿತು. ನಾವು ತಮ್ಮನ್ನು ದೀಪವೆಂದುಕೊಂಡಿದ್ದೆವು. ಸಂಜೆ ಹೊತ್ತಿನಲ್ಲಿ ಹತ್ತಲಿಲ್ಲವಾದ್ದರಿಂದ ಕೆಟ್ಟಿರಬೇಕೆಂದು ಡ್ರೈವರಿಗೆ ಎರಡು ಸಲ ದೂರನ್ನೂ ಕೊಟ್ಟೆವು.

ಈಗ ನಮ್ಮೂರಿನ ಒಂದು ಅಭ್ಯಾಸವನ್ನು ಹೇಳದಿದ್ದರೆ ಮುಂದಿನದು ತಮಗೆ ಅರ್ಥವಾಗುವುದಿಲ್ಲ. ನಮ್ಮದು ಅರವತ್ತಮೂರು ಮನೆಗಳ ಊರು. ಎಲ್ಲರಿಗೂ ದಿನಾ ನಗರದಲ್ಲಿ ಏನಾದರೊಂದು ಕೆಲಸವಿರುತ್ತದೆ, ಆದರೆ ಎಲ್ಲರೂ ದಿನಾ ಹೋದರೆ ಹೊಲ, ಅಂಗಡಿ, ಮಕ್ಕಳು ಯಾರ ಪಾಲು? ಹಾಗಾಗಿ ನನ್ನ ಮಾವನ ಕಾಲದಿಂದಲೂ ಪಾಳಿ ಇದೆ. ದಿನಕ್ಕೆ ಒಬ್ಬರೋ ಇಬ್ಬರೋ ಹೋಗುತ್ತಾರೆ, ಊರಿನ ಎಲ್ಲರ ಕೆಲಸವನ್ನೂ ಅವರೇ ಮಾಡಿಕೊಂಡು ಬರುತ್ತಾರೆ. ಒಬ್ಬರ ರಕ್ತದೊತ್ತಡದ ಮಾತ್ರೆ, ಇನ್ನೊಬ್ಬರ ಪಂಪಿನ ವಾಷರು, ಮತ್ತೊಬ್ಬರ ಮಗಳ ಅರ್ಜಿ, ಕನ್ನಡಕದ ಕಾಲು, ನನ್ನ ಬಾಬಿನ್ನು, ನೀಲಿ ದಾರ. ನೀಲಿ ಎಂದರೆ ಯಾವ ನೀಲಿ ಎಂದು ತಿಳಿಯಲು ಒಂದು ಚೂರು ಬಟ್ಟೆಯನ್ನೂ ಪಿನ್ನು ಹಾಕಿ ಕಳಿಸುತ್ತೇನೆ. ಎಲ್ಲವೂ ಒಂದು ದೊಡ್ಡ ಕಂದು ಚೀಲದಲ್ಲಿ ಹೋಗಿ ಅದೇ ಚೀಲದಲ್ಲಿ ಬರುತ್ತವೆ. ಆ ಚೀಲವನ್ನು ಹೊಲಿದವಳು ನಾನೇ, ಅದರೊಳಗೆ ಹದಿನಾಲ್ಕು ಜೇಬುಗಳಿವೆ.

ಈಗ ಎರಡು ವರ್ಷದಿಂದ ಪಾಳಿಯೆಲ್ಲ ಒಬ್ಬಳ ಹೆಗಲಿಗೇ ಬಿದ್ದಿದೆ, ಅವಳು ನನ್ನ ನಾದಿನಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಹತ್ತು ವರ್ಷ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಕಾಜಾ ಹೊಲಿದಳು, ಗುಂಡಿ ಹಚ್ಚಿದಳು. ನಮ್ಮೂರಿನಲ್ಲಿ ಒಂದು ಆರೋಗ್ಯ ಕೊಠಡಿ ಇದೆ. ಅಂದರೆ, ಕೊಠಡಿ ಇದೆ. ಒಂದು ಮಂಚ, ಒಂದು ಬಿಳಿ ಬೀರು, ತೂಕ ನೋಡುವ ತಕ್ಕಡಿ ಎಲ್ಲ ಇದ್ದು, ಹಳೆಯ ನರ್ಸಮ್ಮ ನಿವೃತ್ತಿಯಾದ ಮೇಲೆ ನಾಲ್ಕು ವರ್ಷದಿಂದ ಬೀಗವೂ ಇದೆ. ಯಾರೂ ಬರುವುದಿಲ್ಲ, ಬಂದವರು ಉಳಿಯುವುದಿಲ್ಲ. ನಮ್ಮ ಕ್ಷೌರಿಕರ ಮೊಮ್ಮಗು ಜ್ವರದಲ್ಲಿ ನಡುಗುತ್ತಿದ್ದಾಗ ನಾವೆಲ್ಲ ಆ ಬೀಗದ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗು ಉಳಿಯಿತು, ಆದರೆ ಮಾರನೆಯ ದಿನ ನಾದಿನಿ ಸೂಜಿ ಕೆಳಗಿಟ್ಟು, ತಾನು ನಗರದ ಆಸ್ಪತ್ರೆಯಲ್ಲಿ ಶುಶ್ರೂಷೆಯ ತರಬೇತಿಗೆ ಸೇರುತ್ತೇನೆ ಎಂದಳು. ಆಗ ಅವಳಿಗೆ ನಲವತ್ತನಾಲ್ಕು. ತರಗತಿಯಲ್ಲಿ ಅವಳನ್ನು ಮೊದಲ ದಿನ ಪಾಠ ಮಾಡುವವರೆಂದು ತಿಳಿದು ಎಲ್ಲರೂ ಎದ್ದು ನಿಂತರಂತೆ.

ದಿನಾ ಊರಿನ ಚೀಲ ಹೊತ್ತುಕೊಂಡೇ ಹೋಗಿ ಬಂದು ಎರಡು ವರ್ಷ ಮುಗಿಸಿದಳು. ಉಳಿದದ್ದು ಒಂದು ಪ್ರಾಯೋಗಿಕ ಪರೀಕ್ಷೆ, ಆಮೇಲೆ ಮೂರು ತಿಂಗಳು ದಿನಾ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಆಸ್ಪತ್ರೆಯಲ್ಲಿ ಕೆಲಸ. ಅದನ್ನು ತಪ್ಪದೆ ಮುಗಿಸಿದರೆ ಪ್ರಮಾಣಪತ್ರ, ಪ್ರಮಾಣಪತ್ರ ಬಂದರೆ ನಮ್ಮ ಕೊಠಡಿಯ ಬೀಗದ ಕೈ ಅವಳ ಕೈಗೆ. ಎಂಟಕ್ಕೆ ನಗರ ಮುಟ್ಟಿಸುವ ವಾಹನ ನಮ್ಮೂರಿಗೆ ಇರುವುದು ಒಂದೇ, ಅದರ ಬಾಗಿಲ ಮೇಲೆ ತಾವಿದ್ದೀರಿ. ನನ್ನ ಅಹವಾಲಿನಲ್ಲಿ ಇದಕ್ಕಿಂತ ದೊಡ್ಡದು ಬೇರೇನೂ ಇಲ್ಲ, ಮಿಕ್ಕದ್ದನ್ನೆಲ್ಲ ತಾವು ನನ್ನ ಬಾಯಿಚಪಲವೆಂದು ತಳ್ಳಿಹಾಕಿದರೂ ನನಗೆ ಬೇಸರವಿಲ್ಲ.

ಇನ್ನು ಸಮೀಕ್ಷೆಯ ವಾರಕ್ಕೆ ಬರುತ್ತೇನೆ. ನನ್ನ ಅಂಗಡಿಯ ಗೋಡೆಗೇ ನೋಟೀಸು ಅಂಟಿಸಿ ಹೋಗಿದ್ದರು: ಇಂಥ ದಿನದಿಂದ ಏಳು ದಿನ ಮಾರ್ಗ ಸಮೀಕ್ಷೆ ನಡೆಯಲಿದೆ, ಸಾರ್ವಜನಿಕರು ಸಂಪೂರ್ಣ ಸಹಕಾರ ನೀಡಬೇಕು. ಸಹಕಾರ ಎಂದರೆ ಏನು ಎಂಬುದನ್ನು ಬಿಡಿಸಿ ಹೇಳುವ ಜವಾಬ್ದಾರಿ ನಮ್ಮ ಶಾಲೆಯ ಮೇಷ್ಟ್ರ ಮೇಲೆ ಬಿತ್ತು. ಅವರು ಮೂವತ್ತು ವರ್ಷ ಶಾಲಾ ತಪಾಸಣೆಗಳನ್ನು ಕಂಡವರು. ತಪಾಸಣೆಯ ದಿನ ಗಲಾಟೆ ಮಾಡುವ ಮಕ್ಕಳನ್ನು ಮನೆಯಲ್ಲೇ ಇರಿಸಿ, ಬೆಂಚು ಒರೆಸಿ, ಗೋಡೆ ಗುಡಿಸಿ, ಬಂದ ದೊಡ್ಡವರಿಗೆ ಒಳ್ಳೆಯ ಕುರ್ಚಿ ಬಿಟ್ಟುಕೊಡುವುದೇ ಸಹಕಾರವೆಂದು ಅವರ ಅನುಭವ. ಬಸ್ಸಿನಲ್ಲಿ ಅಧಿಕಾರಿಗಳು ಬಂದು ಕೂರುತ್ತಾರೆ, ನಾವು ನುಗ್ಗಿ ತುಂಬಿಕೊಂಡರೆ ಅವರಿಗೆಲ್ಲಿ ಜಾಗ, ಇಕ್ಕಟ್ಟಿನ ಬಸ್ಸೆಂದು ಬರೆದುಬಿಟ್ಟರೆ ನಮಗೇ ಕೆಟ್ಟ ಹೆಸರಲ್ಲವೇ ಎಂದರು. ನಮಗೆಲ್ಲ ಅದು ಸರಿಯೆನ್ನಿಸಿತು. ಇಡೀ ಊರು ಒಮ್ಮತದಿಂದ, ಆ ಏಳು ದಿನ ಯಾರೂ ಬಸ್ಸು ಹತ್ತಬಾರದೆಂದು ತೀರ್ಮಾನಿಸಿತು. ನಾದಿನಿಗೆ ಆ ವಾರ ಓದಿಕೊಳ್ಳಲು ರಜೆ ಇದ್ದದ್ದು ಅನುಕೂಲವೇ ಆಯಿತೆಂದು ನಾವು ಖುಷಿಪಟ್ಟೆವು. ಮೇಷ್ಟ್ರಿಗಂತೂ ಎರಡನೇ ದಿನವೇ ಹಲ್ಲುನೋವು ಕಾಣಿಸಿಕೊಂಡು ಕೆನ್ನೆ ಊದಿಕೊಂಡಿತು. ಆದರೂ ಅವರು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ವಾರ ಕಳೆದರೇ ಹೊರತು ನಗರದ ದಂತವೈದ್ಯರ ಹತ್ತಿರ ಹೋಗಿ ಸಮೀಕ್ಷೆಗೆ ಭಂಗ ತರಲಿಲ್ಲ.

ಅಷ್ಟಕ್ಕೇ ನಮ್ಮ ಸಹಕಾರ ನಿಲ್ಲಲಿಲ್ಲ. ಡ್ರೈವರು ನಮ್ಮೂರಿನಲ್ಲಿ ಟೀ ಕುಡಿಯಲು ಹತ್ತು ನಿಮಿಷ ಇಳಿಯುತ್ತಾರೆ. ಆ ಹೊತ್ತಿನಲ್ಲಿ ಒಂದು ಬೆಳಗ್ಗೆ ನಾವು ಮೂವರು ಬಸ್ಸು ಹತ್ತಿದೆವು. ಕ್ಷೌರಿಕರು ಪೊರಕೆ ಹಿಡಿದು ನೆಲ ಗುಡಿಸಿದರು. ನಾನು ಮುಂದಿನ ಎರಡು ಸಾಲಿನ ಹರಿದ ಸೀಟುಗಳಿಗೆ ಹೊಸದಾಗಿ ಹೊಲಿದಿದ್ದ ಕವರು ಹಾಕಿದೆ. ಮೇಷ್ಟ್ರು ಊದಿದ ಕೆನ್ನೆಯಲ್ಲೇ ಒದ್ದೆಬಟ್ಟೆ ತೆಗೆದುಕೊಂಡು ಕಿಟಕಿ, ಕಂಬಿ, ಕೊನೆಗೆ ಬಾಗಿಲ ಮೇಲಿನ ಆ ಕರಿಯ ಡಬ್ಬಿಯನ್ನೂ ಒರೆಸಿದರು. ತಮ್ಮ ಮುಖವನ್ನು ಅವರು ಎರಡು ಸಲ ಒರೆಸಿದ್ದು ತಮಗೆ ನೆನಪಿರಬಹುದು. ಅಧಿಕಾರಿಗಳು ಯಾವಾಗ ಬರುತ್ತಾರೋ ಎಂದು ಏಳು ದಿನವೂ ರಸ್ತೆ ಕಾದೆವು. ಯಾರೂ ಬರಲಿಲ್ಲ. ಬರಬೇಕಾದವರು ಆಗಲೇ ಬಂದು ನೆತ್ತಿಯ ಮೇಲೆ ಕೂತಿದ್ದಾರೆಂದು ನಮಗೆ ಯಾರು ಹೇಳಬೇಕು.

ವರದಿ ಬಂತು. ತಮ್ಮ ವರದಿಯ ಕರಾರುವಾಕ್ಕುತನವನ್ನು ಮೆಚ್ಚದೆ ಇರಲಾರೆ, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮ ಊರಿನಲ್ಲಿ ಏಳು ದಿನಗಳಲ್ಲಿ ಹತ್ತಿದವರು ಮೂವರು. ಇಳಿದವರು ಮೂವರು, ಅದೇ ಊರಿನಲ್ಲಿ, ಎಂಟು ನಿಮಿಷಗಳ ನಂತರ. ದಿನವೊಂದಕ್ಕೆ ಸರಾಸರಿ ಪ್ರಯಾಣಿಕರು ಸೊನ್ನೆ ದಶಮಾಂಶ ನಾಲ್ಕು ಮೂರು. ಪ್ರಯಾಣಿಸಿದ ಸರಾಸರಿ ದೂರ ಸೊನ್ನೆ ಕಿಲೋಮೀಟರು. ಕೊನೆಯಲ್ಲಿ ಷರಾ: "ಈ ಗ್ರಾಮಸ್ಥರಲ್ಲಿ ಪ್ರಯಾಣದ ಬಯಕೆ ಕಂಡುಬಂದಿರುವುದಿಲ್ಲ." ನಾನು ಮೂವತ್ತೊಂದು ವರ್ಷ ಅಳತೆ ತೆಗೆದಿದ್ದೇನೆ, ಅರ್ಧ ತೋಳು ಹೊಲಿದಿದ್ದೇನೆ, ಮುಕ್ಕಾಲು ತೋಳು ಹೊಲಿದಿದ್ದೇನೆ, ಆದರೆ ಅರ್ಧಕ್ಕಿಂತಲೂ ಕಮ್ಮಿ ಮನುಷ್ಯನನ್ನು ಇದುವರೆಗೆ ಕಂಡಿಲ್ಲ. ನಮ್ಮ ಮೂವರಲ್ಲಿ ಆ ದಶಮಾಂಶ ಯಾರ ಪಾಲಿನದು ಎಂದು ಕ್ಷೌರಿಕರು ಇವತ್ತಿಗೂ ಕೇಳುತ್ತಾರೆ. ಸೊಂಟದಿಂದ ಕೆಳಗಿನದಾದರೆ ಅದು ನನ್ನದೇ ಇರಬೇಕು, ಗುಡಿಸಿದ್ದರಿಂದ ಆ ಭಾಗ ಇನ್ನೂ ನೋಯುತ್ತಿದೆ ಎನ್ನುತ್ತಾರೆ.

ಐದು ಹಳ್ಳಿಗಳ ಮೇಲೂ ಕತ್ತರಿ ತೂಗುತ್ತಿತ್ತಾದರೂ ನಮ್ಮ ಸೊನ್ನೆಯಷ್ಟು ದುಂಡಗಿನ ಸೊನ್ನೆ ಬೇರೆ ಯಾರಿಗೂ ಬಂದಿರಲಿಲ್ಲ. ಹಾಗಾಗಿ ನಾನು, ಮೇಷ್ಟ್ರು, ಕ್ಷೌರಿಕರು ಕಚೇರಿಗೆ ಹೋದೆವು. ಹೋದದ್ದು ತಮ್ಮ ಬಸ್ಸಿನಲ್ಲೇ, ಆದರೆ ಸಮೀಕ್ಷೆಯ ವಾರ ಮುಗಿದಿತ್ತಾದ್ದರಿಂದ ನಮ್ಮ ತಲೆಗಳು ತಮ್ಮ ಕಣ್ಣಿನಡಿ ಹಾದರೂ ಲೆಕ್ಕಕ್ಕೆ ಬರಲಿಲ್ಲವಂತೆ. ಮುಖ್ಯಾಧಿಕಾರಿಗಳ ಕೋಣೆ ಮೂರನೇ ಮಹಡಿಯಲ್ಲಿದೆ. ಗೋಡೆಯ ತುಂಬ ದೊಡ್ಡ ನಕ್ಷೆ, ಅದರ ಮೇಲೆ ಬಸ್ಸು ನಿಲ್ಲುವ ಊರಿಗೆಲ್ಲ ಹಸಿರು ಗುಂಡುಪಿನ್ನು ಚುಚ್ಚಿದ್ದಾರೆ. ಮೇಜಿನ ಮೇಲೆ ಫೈಲುಗಳು ಎಷ್ಟು ಎತ್ತರವಿದ್ದವೆಂದರೆ ಅವರು ನಮ್ಮ ಜೊತೆ ಮಾತಾಡಲು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡರು. ಒಳ್ಳೆಯವರು, ನನ್ನ ಚಿಕ್ಕತಮ್ಮನ ವಯಸ್ಸು, ಅಂಗಿಯ ಕಾಲರು ಸವೆದಿತ್ತು. ನಮಗೆ ನೀರು ತರಿಸಿಕೊಟ್ಟು, ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಪೊರಕೆಯ ಪ್ರಸಂಗ ಬಂದಾಗ ನಗು ತಡೆಯಲು ಕೆಮ್ಮಿದರು. ಆಮೇಲೆ ಹೇಳಿದ್ದಿಷ್ಟು:

"ನನ್ನ ಕೈಲಿ ಏನೂ ಇಲ್ಲಮ್ಮ. ಯಂತ್ರ ಏನು ಹೇಳತ್ತೋ ಅದೇ. ನಾನು ಬೇರೆ ಬರೆದ್ರೆ ನನ್ನನ್ನೇ ಕೇಳ್ತಾರೆ."

ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವರಿಗೂ ಒಬ್ಬ ಮೇಲಧಿಕಾರಿ ಇದ್ದಾರೆ, ಅವರು ಸೋಪಿನ ಡಬ್ಬಿಯಷ್ಟು ಇದ್ದಾರೆ ಎಂದು ತಿಳಿದಾಗ ನನಗೆ ತಮ್ಮ ಮೇಲೆ ಉಂಟಾದ ಗೌರವ ಅಷ್ಟಿಷ್ಟಲ್ಲ. ಆದರೂ ಅವರು ತಮ್ಮ ಅಧಿಕಾರದ ಮಿತಿಯೊಳಗೆ ಒಂದು ಮರು ಎಣಿಕೆಗೆ ಬರೆದುಕೊಟ್ಟರು. ಮೇಷ್ಟ್ರು ಆ ಕಾಗದವನ್ನು ವಾಪಸು ಬರುವಾಗ ದಾರಿಯುದ್ದಕ್ಕೂ ಓದಿ ಓದಿ ಬಾಯಿಪಾಠ ಮಾಡಿಕೊಂಡರು. ಮರು ಎಣಿಕೆ ಒಂದು ದಿನ ಮಾತ್ರ. ಐದೂ ಹಳ್ಳಿಗಳಿಗೆ ಅದೇ ದಿನ, ಅದೇ ಬೆಳಗಿನ ಬಸ್ಸು. ಒಂದು ಊರಿನಲ್ಲಿ ಇಪ್ಪತ್ತು ಜನರಾದರೂ ಹತ್ತಿದರೆ ಆ ಊರು ಉಳಿಯಿತು. ಬಸ್ಸು ತುಂಬಿ ಒಬ್ಬರೂ ಹತ್ತಲಾಗದಿದ್ದರೆ ಆ ಊರಿನ ಎಣಿಕೆ ಅಸಿಂಧು, ಬೇರೆ ದಿನ ಕೊಡಲಾಗುವುದು. ಒಬ್ಬರು ಹತ್ತಿದರೂ ಎಣಿಕೆ ಸಿಂಧು, ಅದೇ ಅಂತಿಮ. ಬಸ್ಸಿನಲ್ಲಿರುವ ಸೀಟು ನಲವತ್ತೆರಡು, ನಿಲ್ಲುವ ಜಾಗವೆಲ್ಲ ಸೇರಿ ಹೆಚ್ಚೆಂದರೆ ಎಂಬತ್ತು. ಇಪ್ಪತ್ತನ್ನು ಐದರಿಂದ ಗುಣಿಸಿದರೆ ಎಷ್ಟೆಂದು ಎಣಿಕೆಯಲ್ಲಿ ಪಳಗಿದ ತಮಗೆ ನಾನು ಹೇಳಬೇಕಾಗಿಲ್ಲ; ಅಂದು ನಮಗೂ ಹೊಳೆಯಲಿಲ್ಲ, ಕಚೇರಿಗೂ ಹೊಳೆಯಲಿಲ್ಲ.

ಆ ದಿನ ಯಾವುದೆಂದರೆ ನಾದಿನಿಯ ಪ್ರಾಯೋಗಿಕ ಪರೀಕ್ಷೆಯ ದಿನವೇ. ನಮಗೆ ಅದರಲ್ಲೂ ಶುಭವೇ ಕಂಡಿತು, ಅವಳೊಂದು ತಲೆ ಹೇಗೂ ಗ್ಯಾರಂಟಿ ಎಂದುಕೊಂಡೆವು. ಬೆಳಗ್ಗೆ ಆರಕ್ಕೇ ನನ್ನ ಅಂಗಡಿಯ ಮುಂದೆ ಐವತ್ತೇಳು ಜನ. ಎಷ್ಟೋ ಜನಕ್ಕೆ ನಗರದಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಕ್ಷೌರಿಕರು ಅಲ್ಲಿ ಹೋಗಿ ಯಾರ ಕೈಲಾದರೂ ತಲೆ ಕತ್ತರಿಸಿಕೊಂಡು ಬರುತ್ತೇನೆ, ಎಷ್ಟು ಕೆಟ್ಟದಾಗಿ ಕತ್ತರಿಸುತ್ತಾರೋ ನೋಡೋಣ ಎಂದರು. ಮೇಷ್ಟ್ರು ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರ ತಲೆಯೂ ತಮಗೆ ಸ್ಪಷ್ಟವಾಗಿ ಕಾಣಲೆಂದು ಟೋಪಿ, ಸೆರಗು, ಮಫ್ಲರು ಎಲ್ಲ ತೆಗೆಸಿದರು. ಆ ಚಳಿಯಲ್ಲಿ ಅರವತ್ತು ದಾಟಿದವರು ಬರಿತಲೆಯಲ್ಲಿ ನಿಂತದ್ದು ತಮ್ಮ ಗೌರವಾರ್ಥವೇ.

ಬಸ್ಸು ಬಂತು. ದೂರದಿಂದಲೇ ಅದು ಒಂದು ಕಡೆಗೆ ವಾಲಿಕೊಂಡು ಬರುತ್ತಿತ್ತು. ಹಿಂದಿನ ನಾಲ್ಕು ಊರಿನವರೂ ನಮ್ಮ ಹಾಗೇ ಮಾಡಿದ್ದರು, ಅವರನ್ನು ತಪ್ಪೆನ್ನಲು ನಮಗೆ ಬಾಯಿಲ್ಲ. ಕಿಟಕಿಗೆ ಒತ್ತಿಕೊಂಡ ಕೆನ್ನೆಗಳು, ಮೆಟ್ಟಿಲ ಮೇಲೆ ಒಂದೇ ಕಾಲಲ್ಲಿ ನಿಂತವರು, ಹಿಂಬಾಗಿಲಿಗೆ ಒಳಗಿನಿಂದ ಒರಗಿದ್ದ ಯಾರದೋ ಬೆನ್ನು. ನಾನು ಹೊಲಿದ ಕವರಿನ ಮೇಲೆ ಎರಡೆರಡು ಜನ ಕೂತಿದ್ದರು. ಬಾಗಿಲು ತೆರೆದು ಡ್ರೈವರು ಹಿಂದೆ ತಿರುಗಿ ಗದರಿಸಿ, ಒಳಗಿದ್ದವರು ಉಸಿರು ಬಿಗಿಹಿಡಿದು, ಅಂತೂ ಒಂದು ಮೆಟ್ಟಿಲಿನ ಅರ್ಧ ಖಾಲಿಯಾಯಿತು. ಒಬ್ಬರಿಗೆ, ಒಬ್ಬರಿಗೆ ಮಾತ್ರ ಜಾಗವಿದೆ ಎಂದು ಡ್ರೈವರು ತಲೆತಗ್ಗಿಸಿಕೊಂಡು ಹೇಳಿದರು.

ಮೇಷ್ಟ್ರಿಗೆ ಕಾಗದ ಬಾಯಿಪಾಠವಾಗಿತ್ತಲ್ಲ, ಅವರ ಮುಖ ನೋಡಿದರೆ ಸಾಕಿತ್ತು. ಯಾರೂ ಹತ್ತದಿದ್ದರೆ ಎಣಿಕೆ ಅಸಿಂಧು, ನಮಗೆ ಇನ್ನೊಂದು ದಿನ ಸಿಗುತ್ತದೆ, ಊರು ಉಳಿಯುತ್ತದೆ. ಒಬ್ಬಳು ಹತ್ತಿದರೆ ಒಂದು, ಅದೇ ಅಂತಿಮ. ನಾದಿನಿಗೂ ಅದು ಗೊತ್ತಿತ್ತು. ಇಸ್ತ್ರಿ ಮಾಡಿದ ಬಿಳಿಯ ಸಮವಸ್ತ್ರ ಹಾಕಿಕೊಂಡು, ಚೀಲವನ್ನು ಹೆಗಲಿಗೇರಿಸಿಕೊಂಡು ಸಾಲಿನ ಮಧ್ಯೆ ನಿಂತವಳು ಎರಡು ಹೆಜ್ಜೆ ಹಿಂದೆ ಸರಿದು, ಯಾರನ್ನೂ ನೋಡದೆ ಹೇಳಿದಳು:

"ನಾನು ಹತ್ತಲ್ಲ ಅತ್ತಿಗೆ. ಪರೀಕ್ಷೆ ಮುಂದಿನ ವರ್ಷನೂ ಇರತ್ತೆ. ಬಸ್ಸು ಹೋದ್ರೆ ಎಲ್ಲರಿಗೂ ಹೋಗತ್ತೆ."

ಯಂತ್ರದವರೇ, ಆ ಕ್ಷಣದಲ್ಲಿ ನಾವು ಐವತ್ತಾರು ಜನ ಸಭೆ ಸೇರಲಿಲ್ಲ, ಕೈ ಎತ್ತಿ ಮತ ಹಾಕಲಿಲ್ಲ. ಮೊದಲು ಕ್ಷೌರಿಕರು ಸಾಲಿನಿಂದ ಹಿಂದಕ್ಕೆ ಸರಿದರು, ಆಮೇಲೆ ಅವರ ಸೊಸೆ, ಆಮೇಲೆ ಮೇಷ್ಟ್ರು ತಮ್ಮ ಕೈಲಿದ್ದ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಸರಿದರು. ನೋಡನೋಡುತ್ತ ಬಾಗಿಲ ಮುಂದೆ ಅವಳೊಬ್ಬಳೇ ಉಳಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು, "ಹತ್ತೇ ಸುಮ್ನೆ" ಎಂದೆ. ಅವಳು ಹತ್ತಿದಳು, ಬಾಗಿಲಿಗೆ ಸಿಕ್ಕಿಕೊಂಡ ಚೀಲವನ್ನು ನಾಲ್ಕು ಜನ ಒಳಗೆ ತಳ್ಳಿದರು, ತಾವು ಒಂದು ಎಂದು ಬರೆದುಕೊಂಡಿರಿ, ಬಸ್ಸು ಹೋಯಿತು. ನಾವೆಲ್ಲ ಟೋಪಿ ಮಫ್ಲರು ಹಾಕಿಕೊಂಡು ಮನೆಗೆ ಹೋದೆವು.

ಪರೀಕ್ಷೆಯಲ್ಲಿ ಅವಳು ಪಾಸು. ಮುರಿದ ಕೈಗೆ ಪಟ್ಟಿ ಸುತ್ತಲು ಹೇಳಿದಾಗ, ಇಷ್ಟು ನೀಟಾದ ಅಂಚು ಎಲ್ಲಿ ಕಲಿತೆಯಮ್ಮ ಎಂದು ಪರೀಕ್ಷಕರು ಕೇಳಿದರಂತೆ. ಹತ್ತು ವರ್ಷ ನನ್ನ ಬೈಗುಳ ಕೇಳಿಕೊಂಡು ಅಂಗಿಯ ಕಫ್ ಮಡಿಸಿದ್ದು ಎಲ್ಲಿಗೆ ಹೋಗುತ್ತದೆ. ಅಷ್ಟೇ ನೀಟಾಗಿ ತಮ್ಮ ಅಂತಿಮ ತೀರ್ಮಾನವೂ ಬಂದಿದೆ: ನಾಲ್ಕು ಹಳ್ಳಿಗಳ ಬೇಡಿಕೆ ಸಾಬೀತಾಗಿದೆ, ಐದನೇ ಊರಿನಲ್ಲಿ ಹತ್ತಿದವರು ಒಬ್ಬರೇ ಆದ್ದರಿಂದ ಬರುವ ಒಂದನೇ ತಾರೀಖಿನಿಂದ ಬಸ್ಸು ನಾಲ್ಕನೇ ಊರಿನಿಂದಲೇ ಹೆದ್ದಾರಿಗೆ ಇಳಿಯುತ್ತದೆ, ಇದರಿಂದ ಹನ್ನೊಂದು ನಿಮಿಷ ಉಳಿತಾಯವಾಗುತ್ತದೆ. ಆ ಹನ್ನೊಂದು ನಿಮಿಷದಲ್ಲಿ ನಗರದವರು ಏನೇನು ಸಾಧಿಸಲಿದ್ದಾರೋ ಎಂದು ನಮ್ಮೂರು ಕುತೂಹಲದಿಂದ ಕಾಯುತ್ತಿದೆ. ನಾಲ್ಕು ಊರಿನವರಿಗೆ ಬಸ್ಸು ಉಳಿದದ್ದು ನಮಗೆ ನಿಜವಾಗಿಯೂ ಸಂತೋಷ. ಅವರಲ್ಲಿ ನನ್ನ ಗಿರಾಕಿಗಳೂ ಇದ್ದಾರೆ.

ಇನ್ನು ನನ್ನ ಬೇಡಿಕೆಗಳು. ಇವು ಆಗದ ಮಾತೆಂದು ಗೊತ್ತಿದ್ದೂ ಕೇಳುತ್ತೇನೆ, ಕೇಳದೆ ಹೋದರೆ ಬೇಡಿಕೆ ಇಲ್ಲವೆಂದು ತಾವು ಅದನ್ನೂ ಬರೆದುಕೊಂಡೀರಿ. ತಮ್ಮ ಕುತ್ತಿಗೆಯನ್ನು ಒಮ್ಮೆ, ಒಂದೇ ಒಂದು ಸಲ, ಬಾಗಿಲಿನಿಂದ ಹೊರಕ್ಕೆ ತಿರುಗಿಸಬೇಕು. ಆ ದಿನ ಹಾಗೆ ತಿರುಗಿಸಿದ್ದರೆ ಹತ್ತಿದ ಒಂದು ತಲೆಯ ಹಿಂದೆ ಹತ್ತದೆ ನಿಂತ ಐವತ್ತಾರು ಬರಿತಲೆಗಳು ಕಾಣುತ್ತಿದ್ದವು. ಇನ್ನು ಮುಂದೆ ತಲೆಯ ಜೊತೆ ಚೀಲದ ಜೇಬುಗಳನ್ನೂ ಎಣಿಸುವಂತಾಗಬೇಕು, ಅದರಲ್ಲಿ ನನ್ನ ನೀಲಿ ಬಟ್ಟೆಯ ಚೂರೂ ಒಂದು ಪ್ರಯಾಣಿಕನೇ. ಯಾವ ಊರಿಗಾದರೂ ಸೊನ್ನೆ ಬಂದರೆ ಅದು ಯಾಕೆ ಬಂತೆಂದು ಒಬ್ಬರನ್ನಾದರೂ ಕೇಳಿ ಆಮೇಲೆ ದುಂಡಗೆ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಅಳತೆಯಲ್ಲಿ ಒಂದು ಅಂಗುಲ ಬಟ್ಟೆ ಬಿಡಿ. ಜಾಸ್ತಿಯಲ್ಲ, ಮೂರು ತಿಂಗಳಷ್ಟು ಅಂಗುಲ ಸಾಕು. ಮೂರು ತಿಂಗಳು ಬಸ್ಸು ಬಂದರೆ ಆ ಕೊಠಡಿಯ ಬೀಗ ತೆಗೆಯುತ್ತದೆ, ಆಮೇಲೆ ಬೇಕಾದರೆ ನಮ್ಮೂರನ್ನು ನಕ್ಷೆಯಿಂದಲೇ ಕಿತ್ತುಬಿಡಿ. ನಿಜ ಹೇಳಬೇಕೆಂದರೆ ಆ ಪಿನ್ನನ್ನು ಆಗಲೇ ಕಿತ್ತಿದ್ದಾರೆ. ಮೊನ್ನೆ ಮೇಷ್ಟ್ರು ಹೋಗಿ ನೋಡಿಕೊಂಡು ಬಂದರು, ಅಲ್ಲೊಂದು ತೂತು ಮಾತ್ರ ಇದೆಯಂತೆ.

ತಮ್ಮಿಂದ ಉತ್ತರ ಬರುವುದಿಲ್ಲವೆಂದು ನಾವೂ ಒಂದು ಯೋಜನೆ ಹಾಕಿಕೊಂಡಿದ್ದೇವೆ. ಅದಕ್ಕೆ ಅನುದಾನ ಬೇಕಿಲ್ಲವಾದ್ದರಿಂದ ತಮ್ಮ ಕಚೇರಿಗೆ ಅದು ಯೋಜನೆಯಂತೆ ಕಾಣದಿರಬಹುದು. ನಮ್ಮೂರಿನಿಂದ ಹೆದ್ದಾರಿಯ ಕೂಡುರಸ್ತೆಗೆ ಐದು ಕಿಲೋಮೀಟರು. ನನ್ನ ಅಂಗಡಿಯ ಗೋಡೆಯಲ್ಲಿ, ತಮ್ಮ ನೋಟೀಸು ಇದ್ದ ಜಾಗದಲ್ಲೇ, ಮೇಷ್ಟ್ರು ಗೀಟು ಎಳೆದು ಹೊಸ ಪಾಳಿಯ ಪಟ್ಟಿ ಬರೆದಿದ್ದಾರೆ. ಒಂದನೇ ತಾರೀಖಿನಿಂದ ದಿನಕ್ಕೊಂದು ಮನೆಯವರು ಬೆಳಗ್ಗೆ ಐದೂವರೆಗೆ ಸೈಕಲ್ ತೆಗೆದುಕೊಂಡು ಬಂದು ನಾದಿನಿಯನ್ನು ಹಿಂದೆ ಕೂರಿಸಿಕೊಂಡು ಕೂಡುರಸ್ತೆಗೆ ಬಿಡಬೇಕು, ಸಂಜೆ ಕರೆತರಬೇಕು. ಅರವತ್ತಮೂರು ಮನೆ, ತೊಂಬತ್ತು ದಿನ, ಕೆಲವರಿಗೆ ಎರಡು ಸಲ ಬರುತ್ತದೆ, ಆ ಎರಡು ಸಲಕ್ಕೇ ಜಗಳವಾಯಿತು, ನಮಗೇ ಬೇಕು ನಮಗೇ ಬೇಕೆಂದು. ನಾನು ಸೈಕಲ್ ಹೊಡೆಯಲಾರೆನಾದ್ದರಿಂದ ಹಿಂದಿನ ಸೀಟಿಗೆ ಅರಳೆ ತುಂಬಿದ ಮೆತ್ತೆ ಹೊಲಿದುಕೊಟ್ಟಿದ್ದೇನೆ. ಇಷ್ಟು ವರ್ಷ ಒಬ್ಬರು ಊರಿಗೆಲ್ಲ ಹೋಗಿ ಬರುತ್ತಿದ್ದರು, ಈಗ ಊರೆಲ್ಲ ಒಬ್ಬಳಿಗಾಗಿ ಹೋಗಿ ಬರುತ್ತದೆ. ಕೂಡುರಸ್ತೆಯಲ್ಲಿ ಅವಳು ದಿನಾ ತಮ್ಮ ಕಣ್ಣಿನಡಿ ಹಾದು ಬಸ್ಸು ಹತ್ತುತ್ತಾಳೆ. ತಾವು ದಿನಾ ಒಂದು ಎಂದೇ ಬರೆದುಕೊಳ್ಳುತ್ತೀರಿ. ಬರೆದುಕೊಳ್ಳಿ, ಆ ಒಂದು ಎಷ್ಟೆಂದು ನಮಗೆ ಗೊತ್ತಿದೆ.

ತಮ್ಮ ಕಣ್ಣಿಗೆ ಧೂಳು ಬೀಳದಿರಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ನೀಲಿ ಬಾಗಿಲಿನ ಹೊಲಿಗೆಯವಳು
(ಸೊನ್ನೆ ದಶಮಾಂಶ ನಾಲ್ಕು ಮೂರರಲ್ಲಿ ಮೂರನೇ ಒಂದು ಪಾಲು)

ಮರೆತಿದ್ದೆ: ಮೂರು ತಿಂಗಳ ನಂತರ ಆರೋಗ್ಯ ಕೊಠಡಿಯ ಬೀಗ ತೆಗೆಯುವ ದಿನ ತಾವೂ, ಮುಖ್ಯಾಧಿಕಾರಿಗಳೂ, ಅವರ ಮೇಲಿನವರೂ ದಯಮಾಡಿಸಬೇಕು. ಬಸ್ಸಿನಲ್ಲಿ ಮಾತ್ರ ಬರಬೇಡಿ, ನಮ್ಮೂರಿಗೆ ಬಸ್ಸಿಲ್ಲವಂತೆ. ಕೂಡುರಸ್ತೆಗೆ ಸೈಕಲ್ ಕಳಿಸುತ್ತೇವೆ. ಮೆತ್ತೆಯ ಮೇಲೆ ಒಬ್ಬರಿಗೆ ಮಾತ್ರ ಜಾಗವಿದೆ, ಉಳಿದವರಲ್ಲಿ ಪ್ರಯಾಣದ ಬಯಕೆ ಕಂಡುಬರಲಿಲ್ಲವೆಂದು ಮೇಷ್ಟ್ರು ಬರೆದುಕೊಳ್ಳುತ್ತಾರೆ.